ನಾಳಿನ ಮನೆಗೆ ಮರ್ವಿನ್ನನ ಹೂಂ

ನಮ್ಮೂರಿನಲ್ಲಿ ಮನೆಗೆ ಮುಂಬಾಗಿಲು ಇರುವುದು ನೋಡುವುದಕ್ಕೆ. ಅದರಿಂದ ಒಳಗೆ ಬರುವವರು ಪಾದ್ರಿ, ಪೊಲೀಸು, ಓಟು ಕೇಳುವವನು, ಅಷ್ಟೇ. ಮಿಕ್ಕವರೆಲ್ಲ ಮನೆ ಸುತ್ತಿಕೊಂಡು ಹಿಂದೆ ಹೋಗಿ, ಅಡುಗೆಮನೆ ಬಾಗಿಲನ್ನು ಒಂದು ಸಲ ಬೆರಳಲ್ಲಿ ತಟ್ಟಿ, ಉತ್ತರಕ್ಕೆ ಕಾಯದೆ ಒಳಗೆ ಬರುತ್ತಾರೆ. ಪೆನ್ಸಿಲ್ವೇನಿಯಾದ ನಮ್ಮ ಈ ಬೆಟ್ಟಗಳ ನಡುವೆ ಇದು ಬರೆಯದ ಕಾನೂನು. ಇದಕ್ಕೆ ಎರಡನೆಯ ಕಲಮೂ ಉಂಟು: ಮುಂಬಾಗಿಲಿಗೆ ಬಂದವನಿಗೆ ಬೇಕಾದರೆ ಇಲ್ಲ ಅನ್ನಬಹುದು, ಹಿಂಬಾಗಿಲಿಂದ ಬಂದವನಿಗೆ ಅನ್ನುವ ಹಾಗಿಲ್ಲ. ಅಷ್ಟು ಹೊತ್ತಿಗೆ ಅವನು ನಿಮ್ಮ ಕಾಫಿ ಬಗ್ಗಿಸಿಕೊಂಡಿರುತ್ತಾನೆ.

ನನ್ನ ಎದುರುಮನೆಯ ಮರ್ವಿನ್ ಕ್ಲಿಂಗಮನ್ನನಿಗೆ ಯಾವ ಬಾಗಿಲಿಂದ ಬಂದವರಿಗೂ ಇಲ್ಲ ಅನ್ನಲು ಬರುತ್ತಿರಲಿಲ್ಲ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಯಾರು ಎಲ್ಲಿ ಇಳಿಸು ಅಂದರೂ ಅಲ್ಲಿ ಇಳಿಸಿ ಅಭ್ಯಾಸ. ಏನು ಕೇಳಿದರೂ "ಹೂಂ" ಅನ್ನುವವನು. ಅವನ ಹೂಂನಿಂದಾಗಿ ಅವನ ಮನೆಯ ಕೊಟ್ಟಿಗೆಯಲ್ಲಿ ಯಾರದೋ ದೋಣಿ ಇದೆ, ಯಾರದೋ ಪಿಯಾನೋ ಇದೆ. ಒಂದು ಚಳಿಗಾಲ ಪೂರ್ತಿ ಯಾರದೋ ಮೇಕೆಯೂ ಇತ್ತು. ಬೇಡ ಅನ್ನೋಕೆ ಬರಲ್ಲವೇನಯ್ಯ ನಿನಗೆ ಅಂತ ಒಮ್ಮೆ ಕೇಳಿದ್ದೆ. "ಹೂಂ" ಅಂದ.

ಊರಿನ ಹೆಸರು ಶೆಂಕ್ಸ್‌ಗ್ರೋವ್. ಊರೆಂದರೆ ಶೆಂಕ್ ಮನೆತನದ ಪಾರ್ಕು, ಪಾರ್ಕೆಂದರೆ ಊರು. ಅಲ್ಲಿ ತಿರುಗುವ ಮರದ ಕುದುರೆಗಳಿವೆ, ಕಿರಿಚಿಸುವ ರೈಲು ಇದೆ, ಹುರಿದ ಈರುಳ್ಳಿಯ ಅಂಗಡಿ ಇದೆ. ಎಲ್ಲಕ್ಕಿಂತ ಹಿಂದೆ, ಓಕ್ ಮರಗಳ ನೆರಳಿನಲ್ಲಿ, "ನಾಳಿನ ಮನೆ" ಇದೆ. ಇಬ್ಬಿಬ್ಬರು ಕೂರುವ ಪುಟ್ಟ ಗಾಡಿಗಳು ಕತ್ತಲಿನ ಮನೆಯೊಳಗೆ ಹಳಿಯ ಮೇಲೆ ನಿಧಾನಕ್ಕೆ ಹೋಗುತ್ತವೆ. ಒಳಗೆ ಯಂತ್ರದ ಒಂದು ಸಂಸಾರ. ಮೂವತ್ತು ವರ್ಷ ಆದಮೇಲೆ ಜನ ಹೇಗೆ ಬದುಕುತ್ತಾರೆ ಅಂತ ತೋರಿಸುವುದಕ್ಕೆ ದೊಡ್ಡ ಶೆಂಕ್ ಸಾಹೇಬರು ಅರವತ್ತರ ದಶಕದ ಮೊದಲಲ್ಲಿ ಕಟ್ಟಿಸಿದ್ದು. ಆ ಮೂವತ್ತು ವರ್ಷ ಬಂತು, ಹೋಯಿತು, ಅದರ ಮೇಲೆ ಇನ್ನೊಂದು ಮೂವತ್ತೂ ಆಯಿತು. ನಾಳಿನ ಮನೆಯಲ್ಲಿ ಮಾತ್ರ ನಾಳೆ ಇನ್ನೂ ಆಗಿಲ್ಲ.

ಸಂಸಾರ ಹೀಗಿದೆ. ಮೇಜಿನ ಹಿಂದೆ ಟೈ ಕಟ್ಟಿಕೊಂಡ ಅಪ್ಪ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಾನೆ. ಗಾಡಿ ಎದುರಿಗೆ ಬಂದಾಗ ಪೇಪರು ಇಳಿಸುತ್ತಾನೆ, ಅವನ ತಲೆಯ ಮೇಲಿನ ಸ್ಪೀಕರು "ಊಟ ಆಯ್ತಾ, ಚಿನ್ನ?" ಅನ್ನುತ್ತದೆ. ಆಚೆ ಅಡುಗೆಕಟ್ಟೆಯ ಹಿಂದೆ ಏಪ್ರನ್ ಕಟ್ಟಿದ ಅಮ್ಮ ನಿಂತಿದ್ದಾಳೆ. ಗೋಡೆಯಲ್ಲಿ ಕೂರಿಸಿದ ಓವನ್ನಿನ ಬಾಗಿಲು ಎತ್ತುತ್ತಾಳೆ, ಅವಳ ಮೇಲಿನ ಸ್ಪೀಕರು "ಇನ್ನೊಂದೇ ನಿಮಿಷ" ಅನ್ನುತ್ತದೆ. ತೂಗುಕುರ್ಚಿಯಲ್ಲಿ ಅಜ್ಜ ಗೊರಕೆ ಹೊಡೆಯುತ್ತಾನೆ, ನಾಯಿ ಬಾಲ ಆಡಿಸುತ್ತದೆ. ಆ ಒಂದು ನಿಮಿಷ ಮುಗಿದದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿಲ್ಲ. ನಾವೆಲ್ಲ ಚಿಕ್ಕಂದಿನಲ್ಲಿ ಅಲ್ಲಿ ಅತ್ತಿದ್ದೇವೆ, ಪ್ರಾಯದಲ್ಲಿ ಅಲ್ಲಿನ ಕತ್ತಲನ್ನು ಬಳಸಿಕೊಂಡಿದ್ದೇವೆ, ಆಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ ಅಳಿಸಿದ್ದೇವೆ.

ಆ ವರ್ಷ ಹಿಮ ಕರಗುತ್ತಿದ್ದ ಹಾಗೆ, ಪಾರ್ಕಿನ ಈಗಿನ ಯಜಮಾನಿ ಮಿಸೆಸ್ ವೆರ್ನಾ ಶೆಂಕ್ ಒಂದು ಮಾತು ಹೇಳಿದರು: ನಾಳಿನ ಮನೆಯ ನೆಲ ಕೊಳೆತಿದೆ, ಹೇಗೂ ಬಿಚ್ಚಬೇಕು, ಬಿಚ್ಚಿದ ಮೇಲೆ ಇದ್ದ ಹಾಗೇ ಜೋಡಿಸೋಣವೋ ಹೊಸದು ಮಾಡೋಣವೋ ಊರವರೇ ಹೇಳಲಿ. ಊರವರನ್ನು ಏನಾದರೂ ಕೇಳುವ ಮುಂಚೆ ಯೋಚನೆ ಮಾಡಬೇಕು. ವಾರ ಕಳೆಯುವುದರೊಳಗೆ ಊರು ಎರಡು ಪಕ್ಷವಾಯಿತು, ಮನೆಮನೆಯ ಮುಂದಿನ ಹುಲ್ಲಿನಲ್ಲಿ ಬೋರ್ಡುಗಳು ಎದ್ದವು. ಒಂದು ಪಕ್ಷದ್ದು "ನಾಳಿನ ಮನೆ ಹಾಗೇ ಇರಲಿ". ಇನ್ನೊಂದರದ್ದು "ನಾಳಿನ ಮನೆಗೆ ಇವತ್ತು ಬರಲಿ". ಎರಡನ್ನೂ ಅಚ್ಚು ಹಾಕಿದ್ದು ನನ್ನ ಅಂಗಡಿಯಲ್ಲೇ. ಆದ್ದರಿಂದ ಈ ವಿಷಯದಲ್ಲಿ ನನ್ನಷ್ಟು ನಿಷ್ಪಕ್ಷಪಾತಿ ಊರಲ್ಲಿ ಇನ್ನೊಬ್ಬನಿಲ್ಲ.

ಮರ್ವಿನ್ನನ ಎಡಗಡೆ ಮನೆ ಮೋಯರ್ ಮೇಷ್ಟರದು. ಊರಿನ ಅರ್ಧ ಜನಕ್ಕೆ ಇತಿಹಾಸ ಕಲಿಸಿದವರು, ಮರ್ವಿನ್ನನನ್ನು ಎರಡು ಸಲ ಅದೇ ತರಗತಿಯಲ್ಲಿ ಕೂರಿಸಿದವರು. ಒಂದು ಬೆಳಗ್ಗೆ ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಹಿಂಬಾಗಿಲಿಂದ ಬಂದರು.

"ಮರ್ವಿನ್, ಇದನ್ನ ನಿನ್ನ ಅಂಗಳದಲ್ಲಿ ನೆಡ್ತೀನಿ. ಒಂದು ಮೊಳೆ ಬದಲಾದ್ರೂ ಅದು ಇತಿಹಾಸ ಅಲ್ಲ, ಸುಳ್ಳು. ಗೊತ್ತಾಯ್ತಾ?"

"ಹೂಂ, ಮೇಷ್ಟ್ರೆ."

ಮಧ್ಯಾಹ್ನ ಬಲಗಡೆ ಮನೆಯ ಕ್ರಿಸ್ಟಾ ಡೆಲ್ಗಾಡೊ ಬಂದಳು. ಹಲ್ಲಿನ ಡಾಕ್ಟರು. ಊರಿಗೆ ಹೊಸಬಳಾದರೂ ಹಿಂಬಾಗಿಲು ಕಲಿತುಬಿಟ್ಟಿದ್ದಳು, ಜಾಣೆ.

"ಮಿಸ್ಟರ್ ಕ್ಲಿಂಗಮನ್, ನನ್ನ ಮಗಳು ಆ ಮನೆ ನೋಡಿ, ಅಮ್ಮಾ ಅವರ ಫೋನು ಎಲ್ಲಿ, ಅವರೆಲ್ಲ ಸತ್ತೋಗಿದಾರಾ ಅಂತ ಕೇಳಿದ್ಲು. ಅವಳಿಗೆ ಏನು ಹೇಳ್ಲಿ? ಈ ಬೋರ್ಡು ನಿಮ್ಮ ಅಂಗಳದಲ್ಲಿ ಇಡಬಹುದಾ?"

"ಹೂಂ, ಇಡಮ್ಮ."

ಸಂಜೆ ನಾನು ಜಗುಲಿಯಲ್ಲಿ ಕೂತು ನೋಡುತ್ತೇನೆ, ಮರ್ವಿನ್ನನ ಅಂಗಳದಲ್ಲಿ ಎರಡೂ ಬೋರ್ಡು, ಮಧ್ಯೆ ಒಂದು ಮೊಳ ಜಾಗ. ಅಡ್ಡಗೋಡೆಯ ಮೇಲೆ ದೀಪ ಇಟ್ಟವರ ವಿಷಯ ಕೇಳಿದ್ದೆ. ಇವನು ಅಡ್ಡಗೋಡೆಯ ಎರಡೂ ಕಡೆ ದೀಪ ಇಟ್ಟು ತಾನು ನಡುವೆ ನಿಂತಿದ್ದ.

ಊರು ಉಗಿಯುತ್ತದೆ ಅಂದುಕೊಂಡೆ. ಊರು ನನ್ನನ್ನು ಕೇಳಿ ಏನನ್ನೂ ಮಾಡುವುದಿಲ್ಲ. ಮಾರನೆಯ ದಿನ ಆ ದಾರಿಯಲ್ಲಿ ಕಾರಲ್ಲಿ ಹೋಗುತ್ತಿದ್ದ ಮಿಸೆಸ್ ಶೆಂಕ್ ಬ್ರೇಕು ಹಾಕಿದರು. ಎರಡು ಬೋರ್ಡನ್ನೂ ಓದಿದರು. ಮನೆ ಸುತ್ತಿಕೊಂಡು ಹಿಂದೆ ಹೋಗಿ ಒಳಗೆ ಬಂದವರೇ, "ಎರಡೂ ಕಡೆ ಯೋಚನೆ ಮಾಡೋ ಒಬ್ಬ ಮನುಷ್ಯ ಆದ್ರೂ ಈ ಊರಲ್ಲಿ ಇದಾನಲ್ಲ. ಸಮಿತಿಗೆ ನೀವೇ ಅಧ್ಯಕ್ಷರಾಗಬೇಕು" ಅಂದರು. ಮರ್ವಿನ್ ಏನಂದ ಅಂತ ನಾನು ಹೇಳಬೇಕಾಗಿಲ್ಲ.

ಹೀಗೆ ಮೂರು ಜನರ ಸಮಿತಿಯಾಯಿತು. ಒಂದು ಕಡೆ ಮೇಷ್ಟರು, ಒಂದು ಕಡೆ ಕ್ರಿಸ್ಟಾ, ಅವರಿಬ್ಬರೂ ಸಾಯುವ ತನಕ ಒಪ್ಪುವವರಲ್ಲ. ಆದ್ದರಿಂದ ತೀರ್ಮಾನ ಮರ್ವಿನ್ನನದು. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವನು ಕೊರಗಿದನೇ ಅಂದರೆ, ಇಲ್ಲ. ಅಧ್ಯಕ್ಷ ಅನ್ನಿಸಿಕೊಂಡವನು ಹೊಸ ಟೋಪಿ ಕೊಂಡ. ಈರುಳ್ಳಿ ಅಂಗಡಿಯವನು "ಏನ್ ಅಧ್ಯಕ್ಷರೇ" ಅಂದಾಗ ಟೋಪಿ ಮುಟ್ಟುತ್ತಿದ್ದ. "ಎರಡೂ ಕಡೆ ನೋಡ್ಬೇಕಾಗುತ್ತೆ" ಅನ್ನುವ ಒಂದು ವಾಕ್ಯವನ್ನೂ ಕಲಿತ. ಅದನ್ನು ಬಿಟ್ಟರೆ ಬೇರೆ ವಾಕ್ಯ ಬೇಕಾಗಲೂ ಇಲ್ಲ.

ಇನ್ನು ಅವನ ಹೆಂಡತಿ ಅರ್ಲೀನ್. ಶಾಲೆಯ ಊಟದ ಹಾಲಿನಲ್ಲಿ ಮಕ್ಕಳಿಗೆ ಬಡಿಸಿ ಬಡಿಸಿ ಮೊಣಕಾಲು ಸವೆಸಿಕೊಂಡವಳು. ಅವಳು ಕೂತು ಉಂಡದ್ದನ್ನು ನಾನು ಕಂಡಿಲ್ಲ. ಮರ್ವಿನ್ ಕೂತಿರುತ್ತಾನೆ, ಇವಳು ಒಲೆಗೆ ಬೆನ್ನು ಕೊಟ್ಟು ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಉಣ್ಣುತ್ತಾಳೆ, ಯಾರಾದರೂ ಉಪ್ಪು ಕೇಳಿದರೆ ಬೇಗ ಕೊಡಬಹುದು ಅಂತ. ಒಂದು ಸಂಜೆ ನಾನು ಅವರ ಅಡುಗೆಮನೆಯಲ್ಲಿದ್ದೆ. ಅಧ್ಯಕ್ಷರು ಮೇಜಿನ ಮೇಲೆ ಟೋಪಿ ಇಟ್ಟುಕೊಂಡು ಕೊಚ್ಚಿದ ಮಾಂಸವನ್ನು ಬ್ರೆಡ್ಡಿನ ಹಾಗೆ ಬೇಯಿಸಿದ ಮಾಂಸದ ರೊಟ್ಟಿಗೆ ಗ್ರೇವಿ ಹಾಕಿಕೊಳ್ಳುತ್ತಿದ್ದರು.

"ಮರ್ವಿನ್," ಅಂದಳು ಅರ್ಲೀನ್. "ನಾನು ಯಾವ ಪಕ್ಷಾನೂ ಅಲ್ಲ. ಫೋನು ಗೀನು ನಂಗೆ ಬೇಡ. ಹಳೇದು ಹಾಗೇ ಇರ್ಬೇಕು ಅಂತಲೂ ಇಲ್ಲ. ಒಂದೇ ಕೇಳ್ತೀನಿ. ಆ ಹೆಂಗಸನ್ನ ಕೂರಿಸು."

"ಯಾವ ಹೆಂಗಸು?"

"ನಾಳಿನ ಮನೇಲಿ ಓವನ್ ಮುಂದೆ ನಿಂತವಳು. ಅಪ್ಪ ಕೂತಿದಾನೆ, ಅಜ್ಜ ಕೂತಿದಾನೆ, ನಾಯಿನೂ ಕೂತಿದೆ. ನಾನು ಆರು ವರ್ಷದವಳಿದ್ದಾಗಿಂದ ಅವಳು ನಿಂತೇ ಇದಾಳೆ. ಅವತ್ತೇ ನಮ್ಮಮ್ಮನ್ನ ಕೇಳಿದ್ದೆ, ಅವಳಿಗೆ ಕಾಲು ನೋಯಲ್ವಾ ಅಂತ. ನೋಯುತ್ತೆ, ಸುಮ್ನಿರು ಅಂದಿದ್ರು ನಮ್ಮಮ್ಮ."

"ಹೂಂ" ಅಂದ ಮರ್ವಿನ್, ಗ್ರೇವಿ ಕಡೆ ನೋಡುತ್ತಾ.

ಅರ್ಲೀನ್ ಬಟ್ಟಲನ್ನು ಅವನ ಮುಂದಿನಿಂದ ಎತ್ತಿಕೊಂಡಳು. "ಆ ಹೂಂ ಬೇಡ ನಂಗೆ. ಊರಿಗೆಲ್ಲ ಬಡಿಸಿ ತಳದಲ್ಲಿ ಉಳಿದಿದ್ದು ಅದು. ಮಾಡಿ ತೋರ್ಸು, ಆಗ ಹೂಂ ಅನ್ನು."

ಮರ್ವಿನ್ ನನ್ನ ಮುಖ ನೋಡಿದ. ನಾನು ಉಪ್ಪಿನ ಡಬ್ಬಿ ನೋಡಿದೆ. ಗಂಡಹೆಂಡಿರ ನಡುವೆ ನಿಷ್ಪಕ್ಷಪಾತಿಯಾಗಿರುವುದು ಬೋರ್ಡು ಅಚ್ಚು ಹಾಕಿದಷ್ಟು ಸುಲಭವಲ್ಲ.

ಸಾರ್ವಜನಿಕ ಸಭೆ ಅಗ್ನಿಶಾಮಕ ದಳದ ಹಾಲಿನಲ್ಲಿ ನಡೆಯಿತು. ಮೈಕಿನ ಮುಂದೆ ಒಬ್ಬೊಬ್ಬರಿಗೆ ಮೂರು ನಿಮಿಷ. ನಮ್ಮೂರಿನ ಜನಕ್ಕೆ ಮೂರು ನಿಮಿಷ ಕೊಟ್ಟರೆ ಮೊದಲ ಎರಡರಲ್ಲಿ ತಮ್ಮ ತಾತನ ವಿಷಯ ಹೇಳುತ್ತಾರೆ. ಒಬ್ಬ ಮುದುಕ ಎದ್ದು, ನಾಳಿನ ಮನೆಯ ನಾಯಿ ತನ್ನ ನಾಯಿಯ ತರವೇ ಇದೆ, ಅದನ್ನು ಮುಟ್ಟಿದರೆ ತಾನು ಸುಮ್ಮನಿರುವುದಿಲ್ಲ ಅಂದ. ಅವನ ನಾಯಿ ಸತ್ತು ಎಷ್ಟೋ ಕಾಲವಾಗಿತ್ತು, ಜನ ಟೋಪಿ ತೆಗೆದರು. ಇನ್ನೊಬ್ಬಳು, ಅಜ್ಜನ ಗೊರಕೆ ಆರೋಗ್ಯಕ್ಕೆ ಒಳ್ಳೆಯದಲ್ಲ, ಅವನಿಗೆ ಉಸಿರಾಟದ ಯಂತ್ರ ಹಾಕಿಸಿ ಅಂದಳು. ಮೇಷ್ಟರು ಅರವತ್ತೊಂದರ ಒಂದು ಫೋಟೋ ಎತ್ತಿ ಹಿಡಿದರು. ಕ್ರಿಸ್ಟಾ ಪರದೆ, ಲೈಟು, ಮಾತಾಡುವ ಫ್ರಿಜ್ಜು ಎಲ್ಲದರ ಚಿತ್ರ ತೋರಿಸಿದಳು. ಚಪ್ಪಾಳೆ ಎರಡಕ್ಕೂ ಬಿತ್ತು, ತಟ್ಟಿದ ಕೈಗಳು ಬೇರೆಬೇರೆ.

ಕೊನೆಗೆ ಮಿಸೆಸ್ ಶೆಂಕ್ ಕೇಳಿದರು. "ಅಧ್ಯಕ್ಷರೇ, ಹಾಗೇ ಉಳಿಸ್ಬೇಕು ಅಂತೀರಾ?"

"ಹೂಂ."

"ಅಂದ್ರೆ ಹೊಸದು ಮಾಡೋದು ಬೇಡ?"

"ಮಾಡೋಣ, ಹೂಂ."

ಅರ್ಲೀನ್ ಮೂರನೆಯ ಸಾಲಿನಲ್ಲಿ ಕೂತಿದ್ದಳು, ಅಂದರೆ ಗೋಡೆಗೆ ಒರಗಿ ನಿಂತಿದ್ದಳು, ತನ್ನ ಕುರ್ಚಿಯನ್ನು ಯಾರಿಗೋ ಬಿಟ್ಟುಕೊಟ್ಟಿದ್ದಳು. ಮರ್ವಿನ್ ಅವಳನ್ನು ನೋಡಿದ. ಬಾಯಿ ತೆರೆದ. ಹೇಳಿಯೇಬಿಡುತ್ತಾನೆ ಅಂದುಕೊಂಡೆ. ಅಷ್ಟರಲ್ಲಿ ಮೇಷ್ಟರು ಕೆಮ್ಮಿದರು. ಅದೇ ಕೆಮ್ಮು, ಉತ್ತರ ತಪ್ಪಾದಾಗ ಕೆಮ್ಮುತ್ತಿದ್ದ ಕೆಮ್ಮು.

"ತೊಳೆದು ಇಡೋಣ" ಅಂದ ಮರ್ವಿನ್.

ಮೇಷ್ಟರು ಎದ್ದುನಿಂತು ಚಪ್ಪಾಳೆ ತಟ್ಟಿದರು, ತೊಳೆಯುವುದೆಂದರೆ ಉಳಿಸುವುದು ತಾನೇ. ಕ್ರಿಸ್ಟಾನೂ ತಟ್ಟಿದಳು, ಅಷ್ಟು ವರ್ಷದ ಕೊಳೆ ಹೋದರೆ ಅದೇ ದೊಡ್ಡ ಬದಲಾವಣೆ, ಮಿಕ್ಕದ್ದು ಮುಂದಿನ ವರ್ಷ ನೋಡಿಕೊಂಡರಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಜನ ಮರ್ವಿನ್ನನ ಬೆನ್ನು ತಟ್ಟಿ ತಟ್ಟಿ ಟೋಪಿ ಬೀಳಿಸಿದರು.

ಅರ್ಲೀನ್ ಆಗಲೇ ಹೊರಟುಹೋಗಿದ್ದಳು. ನಾನು ಮನೆಗೆ ಬಂದು ಜಗುಲಿ ಹತ್ತುವ ಹೊತ್ತಿಗೆ ಅವಳು ಬೀಗದ ಕೈ ಹುಡುಕಿ, ತನ್ನ ಮನೆಯ ಮುಂಬಾಗಿಲು ತೆಗೆದು ಒಳಗೆ ಹೋಗುತ್ತಿದ್ದಳು. ಆ ಬಾಗಿಲು ತೆರೆದು ಎಷ್ಟು ಕಾಲವಾಗಿತ್ತೋ, ಕಿರುಗುಟ್ಟಿದ್ದು ನಮ್ಮ ಬೀದಿಗೆಲ್ಲ ಕೇಳಿಸಿತು. ನನ್ನ ಹೆಂಡತಿ ಕಿಟಕಿಯಿಂದ ನೋಡಿ, "ಮರ್ವಿನ್ ಕತೆ ಮುಗೀತು" ಅಂದಳು.

ಆಮೇಲಿನ ದಿನಗಳಲ್ಲಿ ಅವಳು ಜಗಳವಾಡಲಿಲ್ಲ. ಅದೇ ಭಯಂಕರ. ಮರ್ವಿನ್ನನಿಗೆ ಮದುವೆಯಲ್ಲಿ ಉಡುಗೊರೆ ಬಂದ ಪಿಂಗಾಣಿ ತಟ್ಟೆಯಲ್ಲಿ ಊಟ ಬಡಿಸತೊಡಗಿದಳು, ಮಡಿಸಿದ ನ್ಯಾಪ್‌ಕಿನ್ ಇಟ್ಟು, "ಇನ್ನೇನಾದರೂ ಬೇಕಿತ್ತಾ?" ಅಂತ ಕೇಳಿ. "ಪಾದ್ರಿಗೆ ಬಡಿಸೋ ಹಾಗೆ ಬಡಿಸ್ತಾಳೆ ಕಣಯ್ಯ" ಅಂತ ಅವನು ನನ್ನ ಅಂಗಡಿಗೆ ಬಂದು ಗೋಳಾಡಿದ. "ಒಂದು ಸಲ ಬೈದುಬಿಡಬಾರದಾ?"

"ನೀನು ಅವಳಿಗೊಂದು ಮಾತು ಕೊಟ್ಟಿದ್ದೆ."

"ಎಲ್ಲರಿಗೂ ಕೊಟ್ಟಿದ್ದೆ."

"ಅದೇ ಮತ್ತೆ."

ಪೆದ್ದನಾದರೂ ಕೆಟ್ಟವನಲ್ಲ. ಕೂತುಕೊಂಡು ತನ್ನ ಹೊಸ ಟೋಪಿಯ ಅಂಚನ್ನು ಬಹಳ ಹೊತ್ತು ನೋಡಿದ.

ಈಗ ತೊಳೆಯುವ ಕೆಲಸ. ಸಂಸಾರವನ್ನು ಬಿಚ್ಚಿದರು. ಬಿಚ್ಚಿದಾಗ ತಿಳಿದದ್ದು, ಅಪ್ಪ ಅಮ್ಮ ಇಬ್ಬರಿಗೂ ಸೊಂಟದ ಕೆಳಗೆ ಏನೂ ಇಲ್ಲ. ಮೇಜಿನ ಹಿಂದೆ ಗಿಡ್ಡ ಕಂಬದ ಮೇಲೆ ಅಪ್ಪ, ಕಟ್ಟೆಯ ಹಿಂದೆ ಎತ್ತರದ ಕಂಬದ ಮೇಲೆ ಅಮ್ಮ. ಒಳಗಿನ ಯಂತ್ರ ಎರಡರದ್ದೂ ಒಂದೇ, ಕೈಯ ಕೊಕ್ಕೆಗೆ ಏನು ಸಿಕ್ಕಿಸಿದರೂ ಎತ್ತಿ ಇಳಿಸುತ್ತದೆ, ಅಷ್ಟೇ. ಚರ್ಚಿನ ಹೆಂಗಸರು ಬಟ್ಟೆ ಒಗೆದು ಇಸ್ತ್ರಿ ಮಾಡಿ ಮತ್ತೆ ತೊಡಿಸಿದರು. ಅಮ್ಮನ ಏಪ್ರನ್ನಿಗೆ ಇಸ್ತ್ರಿ ಮಾಡಿದವಳು ಅರ್ಲೀನ್. ದೂಳು ಕೂರದಿರಲಿ ಅಂತ ಇಬ್ಬರಿಗೂ ನೆತ್ತಿಯಿಂದ ದಪ್ಪ ಬಟ್ಟೆ ಸುತ್ತಿ, "ಅಪ್ಪ", "ಅಮ್ಮ" ಅಂತ ಚೀಟಿ ಅಂಟಿಸಿದರು.

ಅಷ್ಟರಲ್ಲಿ ಎರಡು ಪಕ್ಷಕ್ಕೂ ಒಂದು ಅನುಮಾನ ಹುಟ್ಟಿತು. ಮೇಷ್ಟರಿಗೆ, ಕ್ರಿಸ್ಟಾ ಒಳಗೆ ಹೋಗಿ ಸದ್ದಿಲ್ಲದೆ ಫೋನು ಇಟ್ಟುಬಿಟ್ಟರೆ? ಕ್ರಿಸ್ಟಾಗೆ, ಮೇಷ್ಟರು ಹಳೆಯ ಕೊಳೆಯನ್ನೇ ವಾಪಸು ಹಚ್ಚಿಬಿಟ್ಟರೆ? ಆದ್ದರಿಂದ ಒಪ್ಪಂದವಾಯಿತು: ಪಾರ್ಕು ತೆರೆಯುವ ದಿನದವರೆಗೆ ಒಳಗೆ ಯಾರೂ ಕಾಲಿಡಕೂಡದು, ಬೀಗದ ಕೈ ಅಧ್ಯಕ್ಷರ ಹತ್ತಿರ. ಜೋಡಿಸಬೇಕಾದ ಮೆಕ್ಯಾನಿಕ್ ಅಮೋಸ್ ಅದೇ ವಾರ ಸೊಂಟದ ಮೂಳೆ ಬದಲಾಯಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಎಲ್ಲರೂ ಮರ್ವಿನ್ನನ ಕಡೆ ನೋಡಿದರು. ನೀವೇ ಜೋಡಿಸ್ತೀರಾ ಅಂದರು. ಅವನು ಅಂದದ್ದು ನಿಮಗೆ ಗೊತ್ತು.

ಅಮೋಸ್ ಔಷಧಿಯ ಮಂಪರಿನಲ್ಲಿ ಫೋನಿನಲ್ಲೇ ಹೇಳಿಕೊಟ್ಟ. "ಸುಲಭ ಮರ್ವಿನ್. ಬಾಗಿಲಿಂದ ಒಳಗೆ ಹೋಗು. ಎಡಗಡೆ ಕಂಬಕ್ಕೆ ಅಪ್ಪ. ಬಲಗಡೆ ಕಂಬಕ್ಕೆ ಅಮ್ಮ. ಕೂರಿಸಿ ತಿರುಗಿಸು, ಟಕ್ ಅನ್ನುತ್ತೆ. ಕೈಗೆ ಕೊಕ್ಕೆ ಸಿಕ್ಕಿಸಿ ಬಾ."

ಮರ್ವಿನ್ ಬಾಗಿಲಿಂದಲೇ ಒಳಗೆ ಹೋದ. ಹುಟ್ಟಿದಾಗಿನಿಂದ ಯಾವ ಮನೆಗೆ ಹೋದರೂ ಯಾವ ಬಾಗಿಲಿಂದ ಹೋಗುತ್ತಿದ್ದನೋ ಅದರಿಂದ. ಮನೆ ಸುತ್ತಿಕೊಂಡು, ಹಿಂದೆ ಹೋಗಿ, ಬೆರಳಲ್ಲಿ ಒಂದು ಸಲ ತಟ್ಟಿ. ಒಳಗೆ ನೆಲ ಸರಿಮಾಡಿದವರು ಹೊದಿಸಿದ ಬಿಳಿ ಬಟ್ಟೆ ಎಲ್ಲದರ ಮೇಲೂ ಬಿದ್ದಿತ್ತು. ಮೇಜು ಯಾವುದು, ಅಡುಗೆಕಟ್ಟೆ ಯಾವುದು ಒಂದೂ ಕಾಣದು, ಎರಡು ಕಂಬದ ತುದಿ ಮಾತ್ರ ಮೇಲೆದ್ದಿತ್ತು. ಎಡಗಡೆಯ ಕಂಬ ಎತ್ತರ, ಬಲಗಡೆಯದು ಗಿಡ್ಡ. ಮರ್ವಿನ್ನನಿಗೆ ಒಂದು ಕ್ಷಣ ಅನುಮಾನ ಬಂತಂತೆ. ಆಮೇಲೆ ಬುದ್ಧಿ ಓಡಿಸಿದ: ಮನೆಯಲ್ಲಿ ಎತ್ತರ ಯಾರು, ಅಪ್ಪ ತಾನೇ? ಅವನು ಬುದ್ಧಿ ಓಡಿಸದೆ ಇದ್ದಾಗಲೇ ನಮಗೆಲ್ಲ ಕ್ಷೇಮ. ಸುತ್ತಿದ ಬಟ್ಟೆ ಬಿಚ್ಚದೆಯೇ ಅಪ್ಪನನ್ನು ಎಡಕ್ಕೆ ಕೂರಿಸಿ ತಿರುಗಿಸಿದ, ಅಮ್ಮನನ್ನು ಬಲಕ್ಕೆ. ಎರಡು ಸಲ ಟಕ್ ಅಂದಿತು. ಹೊದಿಕೆಯ ಕೆಳಗೆ ತಡಕಾಡಿ ಕೈಗೆ ಸಿಕ್ಕಿದ್ದಕ್ಕೆ ಕೊಕ್ಕೆ ಸಿಕ್ಕಿಸಿದ. ಸುತ್ತಿದ ಬಟ್ಟೆ, ಹೊದಿಕೆ ಎಲ್ಲಕ್ಕೂ ಒಂದೇ ಹಗ್ಗ ಕಟ್ಟಿ, ಅದರ ತುದಿಯನ್ನು ಮಾತ್ರ ಹಿಂಬಾಗಿಲ ಹೊರಗೆ ಬಿಟ್ಟು, ಬೀಗ ಹಾಕಿ ಬಂದ.

ಅಮ್ಯೂಸ್‌ಮೆಂಟ್ ಗಾಡಿಗಳನ್ನು ಪರೀಕ್ಷೆ ಮಾಡುವುದು ನಮ್ಮ ರಾಜ್ಯದಲ್ಲಿ ಕೃಷಿ ಇಲಾಖೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ಇನ್‌ಸ್ಪೆಕ್ಟರು ಬಂದು, ಹಳಿ ಬಡಿದು ನೋಡಿ, ಖಾಲಿ ಗಾಡಿ ಓಡಿಸಿ, ಸಹಿ ಹಾಕಿದ. ಹೊದಿಕೆ ತೆಗೆದು ತೋರಿಸಬೇಕಾ ಅಂತ ಮರ್ವಿನ್ ಕೇಳಿದ್ದಕ್ಕೆ, "ಕೆಳಗಿನ ಚಕ್ರ ಸರಿಯಾಗಿ ತಿರುಗಿದ್ರೆ ಸಾಕು. ಮೇಲಿನ ಸಂಸಾರ ನಮ್ಮ ಇಲಾಖೆಗೆ ಬರಲ್ಲ" ಅಂದ.

ಮೇ ತಿಂಗಳ ಕೊನೆಯ ಶನಿವಾರ ಪಾರ್ಕು ತೆರೆಯಿತು. ಊರೆಲ್ಲ ಓಕ್ ಮರಗಳ ಕೆಳಗೆ ಸೇರಿತ್ತು. ಬ್ಯಾಂಡಿನವರು ಒಂದೇ ಹಾಡನ್ನು ಎರಡು ಸಲ ಬಾರಿಸಿದರು, ಅವರಿಗೆ ಬರುತ್ತಿದ್ದದ್ದು ಅದೊಂದೇ. ಮರ್ವಿನ್ ಹಿಂದೆ ಹೋಗಿ ಹಗ್ಗ ಎಳೆದು, ಬಟ್ಟೆಯ ರಾಶಿಯನ್ನು ಹೊರಗೆ ಹಾಕಿಕೊಂಡು, ಟೋಪಿ ಸರಿಮಾಡಿಕೊಂಡು ಬಂದ. ಮೊದಲ ಗಾಡಿಯಲ್ಲಿ ಮೇಷ್ಟರು ಮತ್ತು ಕ್ರಿಸ್ಟಾ, ಮಧ್ಯೆ ಒಂದು ಮೊಳ ಜಾಗ ಬಿಟ್ಟು. ಎರಡನೆಯದರಲ್ಲಿ ಅಧ್ಯಕ್ಷರು ಮತ್ತು ಅರ್ಲೀನ್. ಏಪ್ರನ್ನಿನ ಇಸ್ತ್ರಿ ಹಾಳಾಗಿದೆಯೋ ನೋಡಿ ಹೋಗುತ್ತೇನೆ ಅಂತ ಬಂದಿದ್ದಳು, ಅವನಿಗೆ ಬೆನ್ನು ಹಾಕಿ ಕೂತಿದ್ದಳು. ಮೂರನೆಯದರಲ್ಲಿ ಮಿಸೆಸ್ ಶೆಂಕ್ ಮತ್ತು ನಾನು.

ಕತ್ತಲು. ಹಳಿಯ ಸದ್ದು. ತಿರುವಿನ ಆಚೆ ದೀಪ ಹತ್ತಿತು.

ಮೇಜಿನ ಹಿಂದೆ, ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಏಪ್ರನ್ ತೊಟ್ಟು ಅಮ್ಮ ಕೂತಿದ್ದಳು. ಕೈಯಲ್ಲಿ ಪೇಪರು. ಗಾಡಿ ಎದುರಿಗೆ ಬಂದ ಕೂಡಲೇ ಪೇಪರು ಇಳಿಸಿದಳು, ಗಡಸು ಗಂಡುದನಿಯಲ್ಲಿ "ಊಟ ಆಯ್ತಾ, ಚಿನ್ನ?" ಅಂದಳು. ಓವನ್ನಿನ ಮುಂದೆ, ಸೂಟು ಹಾಕಿ ಟೈ ಕಟ್ಟಿ ನಿಂತಿದ್ದ ಅಪ್ಪ ಬಾಗಿಲೆತ್ತಿ, ಜೇನಿನಂಥ ಹೆಣ್ಣುದನಿಯಲ್ಲಿ "ಇನ್ನೊಂದೇ ನಿಮಿಷ" ಅಂದ. ಅಜ್ಜ ಗೊರಕೆ ಹೊಡೆದ. ನಾಯಿ ಬಾಲ ಆಡಿಸಿತು.

ಮರ್ವಿನ್ನನ ಕತ್ತು ಹಿಂದಿನಿಂದ ಕೆಂಪಾಗುವುದು ಆ ಮಬ್ಬಿನಲ್ಲೂ ನನಗೆ ಕಂಡಿತು. ಆಗ ಅರ್ಲೀನ್ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ಬಿಟ್ಟು, ಆಮೇಲೆ ಗಾಡಿಯ ಕಂಬಿ ಹಿಡಿದುಕೊಂಡು. ಇಷ್ಟು ವರ್ಷ ಎದುರುಮನೆಯಲ್ಲಿದ್ದು ಆ ನಗು ನಾನು ಕೇಳಿರಲಿಲ್ಲ. ಗಾಡಿ ತಿರುಗುವಾಗ ಅವಳು ಪೂರ್ತಿ ಹಿಂದಕ್ಕೆ ಹೊರಳಿ, ಕೂತ ಹೆಂಗಸನ್ನು ಕಣ್ಣಿಗೆ ಕಾಣುವಷ್ಟು ಹೊತ್ತೂ ನೋಡಿದಳು. ಆಗ ನಗುತ್ತಿರಲಿಲ್ಲ.

ಹೊರಗೆ ಬಂದಾಗ ಮರ್ವಿನ್ ಓಡಿಹೋಗಲು ದಾರಿ ನೋಡುತ್ತಿದ್ದ. ಮೇಷ್ಟರು ಅವನ ತೋಳು ಹಿಡಿದರು.

"ನಾನು ಎಲ್ಲ ನೋಡಿದೆ" ಅಂದರು. "ಅದೇ ಅಪ್ಪ, ಅದೇ ಅಮ್ಮ, ಅದೇ ಪೇಪರು, ಅದೇ ದನಿ. ನೆಲ ಬಿಟ್ಟರೆ ಒಂದು ಮೊಳೆ ಹೊಸದಿಲ್ಲ. ಸರಿ ತಾನೇ?"

"ಹೂಂ, ಮೇಷ್ಟ್ರೆ."

"ಹಾಗಿದ್ದರೆ ಇತಿಹಾಸ ಹಾಗೇ ಇದೆ. ನನ್ನ ಆಕ್ಷೇಪಣೆ ಇಲ್ಲ. ಆದ್ರೂ ಏನೋ..." ಅಂತ ತಲೆ ಕೆರೆದುಕೊಂಡು, ಇನ್ನೊಮ್ಮೆ ನೋಡಿಬರುತ್ತೇನೆ ಅಂತ ಸಾಲಿನಲ್ಲಿ ಹೋಗಿ ನಿಂತರು.

ಕ್ರಿಸ್ಟಾ ಬಂದು ಅವನ ಕೈಯನ್ನು ಎರಡು ಕೈಯಲ್ಲಿ ಹಿಡಿದಳು. "ನಾನು ಪರದೆ, ಫ್ರಿಜ್ಜು ಅಂತ ಒದ್ದಾಡ್ತಿದ್ದೆ. ನೀವು ಏನೂ ತರದೆ ಇಡೀ ಮನೆ ಬದಲಾಯಿಸಿಬಿಟ್ರಿ. ಬೇಕಂತಲೇ ಮಾಡಿದ್ದು ಅಲ್ವಾ?"

"ಹೂಂ" ಅಂದ ಮರ್ವಿನ್.

ಮಿಸೆಸ್ ಶೆಂಕ್ ಕೇಳಿದರು, ಹೂಂ ಅಂದ. ಈರುಳ್ಳಿ ಅಂಗಡಿಯವನು ಕೇಳಿದ, ಹೂಂ ಅಂದ. ಪೇಪರಿನ ಹುಡುಗಿ ಕೇಳಿದಾಗ "ಎರಡೂ ಕಡೆ ನೋಡ್ಬೇಕಾಗುತ್ತೆ" ಅಂದ, ಅವಳು ಬರೆದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಸಾಲು ಕುದುರೆಗಳನ್ನು ದಾಟಿ ಗೇಟಿನವರೆಗೂ ಬೆಳೆದಿತ್ತು. ಹೆಂಗಸರು ಎರಡನೆಯ ಸಲ, ಮೂರನೆಯ ಸಲ ಹೋಗುತ್ತಿದ್ದರು, ಗಂಡಂದಿರನ್ನು ಕೈ ಹಿಡಿದು ಎಳೆದುಕೊಂಡು. ಇನ್ನು ಮುಂದೆ ಇದನ್ನು ಹೀಗೇ ಉಳಿಸಬೇಕು, ಯಾರೂ ಮುಟ್ಟಕೂಡದು ಅಂತ ಮಿಸೆಸ್ ಶೆಂಕ್ ಸಾರಿದರು. ಊರಿನ ಎರಡು ಪಕ್ಷವೂ ತಾನೇ ಗೆದ್ದೆ ಅಂತ ಅವತ್ತು ಒಂದೇ ಅಂಗಡಿಯಲ್ಲಿ ಬಿಯರು ಕುಡಿಯಿತು.

ಸಂಜೆ ಅರ್ಲೀನಳ ಬೇಕಿಂಗ್ ತಟ್ಟೆ ವಾಪಸು ಕೊಡಲು ನಾನು ಅವರ ಹಿಂಬಾಗಿಲಿಗೆ ಹೋದೆ. ತಟ್ಟಲು ಬೆರಳೆತ್ತಿದವನು ಹಾಗೇ ನಿಂತೆ. ಇದು ನಮ್ಮೂರಿನ ಕಾನೂನಿಗೆ ವಿರುದ್ಧ ಅಂತ ಬಲ್ಲೆ.

ಮರ್ವಿನ್ ಪೇಪರು ಹಿಡಿದು ಮೇಜಿನ ಮುಂದೆ ಕೂತಿದ್ದ. ಅರ್ಲೀನ್ ಎದುರಿಗೆ ನಿಂತಿದ್ದಳು. ಪಿಂಗಾಣಿ ತಟ್ಟೆ ಹೊರಗಿಟ್ಟಿರಲಿಲ್ಲ.

"ಇಡೀ ಊರು ಹೇಳ್ತಿದೆ" ಅಂದಳು. "ಹೆಂಡ್ತಿಗೋಸ್ಕರ ಮಾಡ್ದ ಅಂತ ಕ್ರಿಸ್ಟಾ ನನ್ನ ಅಪ್ಪಿಕೊಂಡ್ಲು. ನೀನೇ ಹೇಳು. ಬೇಕಂತ ಮಾಡಿದ್ಯಾ?"

ಒಂದು ಹೂಂ ಅಂದಿದ್ದರೆ ಮುಗಿದಿತ್ತು. ಜನ್ಮವಿಡೀ ಪುಗಸಟ್ಟೆ ಹಂಚಿದ್ದು, ಅವತ್ತು ಒಂದಕ್ಕೆ ನಿಜವಾದ ಬೆಲೆ ಇತ್ತು. ಅನ್ನೋ ಮಾರಾಯ ಅಂತ ನಾನು ಬಾಗಿಲ ಹೊರಗೆ ಮನಸ್ಸಿನಲ್ಲೇ ಬೇಡಿಕೊಂಡೆ. ಮರ್ವಿನ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಅವಳ ಕಾಲು ನೋಡಿದ. ಆಮೇಲೆ ಮುಖ ನೋಡಿದ.

"ಇಲ್ಲ" ಅಂದ. "ಹಿಂಬಾಗಿಲಿಂದ ಹೋದೆ. ಎಡ ಬಲ ಆಯ್ತು, ಬಲ ಎಡ ಆಯ್ತು. ನಂಗೆ ಗೊತ್ತೇ ಇರ್ಲಿಲ್ಲ, ಅರ್ಲೀನ್."

"ಮದುವೆ ಆದಾಗಿಂದ ನಿನ್ನ ಬಾಯಲ್ಲಿ ನಾನು ಕೇಳಿದ ಮೊದಲನೇ ಇಲ್ಲ ಇದು" ಅಂದಳು. ಅವಳ ದನಿ ಮೆತ್ತಗಾಗಿತ್ತು. ಕುರ್ಚಿ ಎಳೆದುಕೊಂಡಳು. ಅವನ ಕೈಯಿಂದ ಪೇಪರು ತೆಗೆದುಕೊಂಡಳು. ನಿಧಾನಕ್ಕೆ, ಒಂದು ಮೊಣಕಾಲು ಆದಮೇಲೆ ಇನ್ನೊಂದು ಮಡಿಸಿ, ಕೂತಳು.

"ಸರಿ. ಅದು ತಪ್ಪಿ ಆಗಿದ್ದು. ಈಗ ಬೇಕಂತ ಮಾಡು."

ಮರ್ವಿನ್ ಎದ್ದ. ಓವನ್ನಿನ ಮುಂದೆ ಹೋಗಿ ನಿಂತ. ಅದಕ್ಕೆ ಅಷ್ಟೊಂದು ಗುಂಡಿಗಳಿವೆ ಅಂತ ಆಗಲೇ ಮೊದಲ ಸಲ ಗಮನಿಸಿದನೋ ಏನೋ, ಒಂದನ್ನು ಒತ್ತಿದ, ಗಡಿಯಾರ ಹನ್ನೆರಡು ತೋರಿಸಿತು. ಇನ್ನೊಂದನ್ನು ಒತ್ತಿದ, ಒಳಗಿನ ದೀಪ ಆರಿತು.

ಹಿಂದಿನಿಂದ ಪೇಪರು ಇಳಿದ ಸದ್ದಾಯಿತು. "ಊಟ ಆಯ್ತಾ, ಚಿನ್ನ?" ಅಂತ ಗಡಸುದನಿ ಕೇಳಿತು.

"ಇನ್ನೊಂದೇ ನಿಮಿಷ" ಅಂದ ಮರ್ವಿನ್.

ನಾನು ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಸದ್ದಿಲ್ಲದೆ ಬಂದುಬಿಟ್ಟೆ. ಆ ರಾತ್ರಿ ಅವರು ಊಟಕ್ಕೆ ಕೂತಾಗ ಹನ್ನೊಂದಾಗಿತ್ತಂತೆ, ಮಾಂಸದ ರೊಟ್ಟಿ ಒಂದು ಕಡೆ ಸೀದು ಒಂದು ಕಡೆ ಹಸಿಯಾಗಿತ್ತಂತೆ. ಇಬ್ಬರೂ ಕೂತೇ ಉಂಡರು ಅಂತ ಅರ್ಲೀನ್ ಹೇಳಿದಳು.